ಹೂವಿನ ಬಣ್ಣಕ್ಕೆ ಸಾಕ್ಷಿ

ಕನ್ನಡ ಅಧ್ಯಾಪಕನಾದವನಿಗೆ ಕಾಲೇಜಿನಲ್ಲಿ ಒದಗುವ ಸಂಕಟಗಳಲ್ಲಿ ಒಂದೆಂದರೆ, ತನಗೆ ತಿಳಿಯದ ವಿಷಯಗಳಿಗೆಲ್ಲ ತಾನೇ ತೀರ್ಪುಗಾರನಾಗಬೇಕಾಗಿ ಬರುವುದು. ರಂಗೋಲಿಗೆ ಅವನು, ಅಡುಗೆಗೆ ಅವನು, ವೇಷಭೂಷಣಕ್ಕೂ ಅವನೇ. "ನೀವು ರಸಿಕರು" ಎಂದು ಒಂದು ಮಾತು ಹೇಳಿ ಅಂಕಪಟ್ಟಿಯನ್ನು ಕೈಗಿತ್ತುಬಿಡುತ್ತಾರೆ. ಎರಡು ವರ್ಷಗಳ ಕೆಳಗೆ ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಹೂವಿನ ಛಾಯಾಚಿತ್ರಗಳ ಸ್ಪರ್ಧೆಯೊಂದನ್ನು ಇಟ್ಟಿದ್ದರು. ಆ ಕುರ್ಚಿಯೂ ನನ್ನ ಪಾಲಿಗೇ ಬಂತು.

ಮೂವತ್ತಕ್ಕೂ ಮಿಕ್ಕಿ ಚಿತ್ರಗಳಿದ್ದವು. ದಾಸವಾಳ, ಸೇವಂತಿಗೆ, ಸೂರ್ಯಕಾಂತಿ, ಯಾರದೋ ಮುಡಿಯಲ್ಲಿದ್ದ ಅಬ್ಬಲಿಗೆ. ನಡುವೆ ಒಂದು ಶಂಖಪುಷ್ಪವಿತ್ತು. ಎಂಥ ನೀಲಿ ಅದು! ನೋಡಿದ ಕೂಡಲೇ ನನಗೆ ಸಂಶಯ ಹುಟ್ಟಿತು. ಚೆಲುವು ಹೆಚ್ಚಾದಾಗ ಸಂಶಯಪಡುವುದು ವಿಮರ್ಶೆ ಕಲಿಸುವವರ ಜಾಯಮಾನ. ಚಿತ್ರ ತೆಗೆದ ಹುಡುಗನನ್ನು ಕರೆದು, "ಬಣ್ಣ ತಿದ್ದಿದ್ದೀಯೇನು?" ಎಂದೆ.

"ಹೌದ್ರೀ ಸರ, ತಿದ್ದೀನ್ರಿ. ಹೂ ಮುಂದ ಇಟ್ಕೊಂಡ ತಿದ್ದೀನ್ರಿ. ಇಲ್ಲೇ ತಂದೀನ್ರಿ, ತೋರಸ್ಲೇನ್ರಿ?" ಎಂದು ಅವನು ಜೇಬಿಗೆ ಕೈಹಾಕಿದ.

"ಇದು ಚಿತ್ರದ ಸ್ಪರ್ಧೆಯಪ್ಪಾ, ಹೂವಿನ ಸ್ಪರ್ಧೆಯಲ್ಲ" ಎಂದೆ. ಸುತ್ತಲಿದ್ದವರು ನಕ್ಕರು. ಅವನು ಕೈಯನ್ನು ಹೊರಕ್ಕೆ ತೆಗೆದ; ಜೇಬಿನಲ್ಲಿದ್ದದ್ದು ಜೇಬಿನಲ್ಲೇ ಉಳಿಯಿತು.

ಬಹುಮಾನವನ್ನು ಇನ್ನೊಂದು ಚಿತ್ರಕ್ಕೆ ಕೊಟ್ಟೆವು. ಅದನ್ನು ತೆಗೆದವಳು "ಏನೂ ಮುಟ್ಟಿಲ್ಲ ಸರ್, ಫೋನಿನಲ್ಲಿ ಹೇಗೆ ಬಂತೋ ಹಾಗೇ ಇದೆ" ಎಂದಿದ್ದಳು. ಬಹುಮಾನ ಕೊಟ್ಟು ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ನಾನು ನಾಲ್ಕು ಮಾತನ್ನೂ ಆಡಿದೆ. ಹಾವೇರಿ ಜಿಲ್ಲೆಯ ಸಭಿಕರೆದುರು ಬ್ಯಾಡಗಿ ಮೆಣಸಿನಕಾಯಿಯ ಉಪಮೆ ಎಂದೂ ಸೋಲುವುದಿಲ್ಲ. "ಮೆಣಸಿನ ಪುಡಿಗೆ ಬಣ್ಣ ಬೆರೆಸಿದರೆ ಕಲಬೆರಕೆ ಎನ್ನುತ್ತೇವೆ. ಹೂವಿನ ಚಿತ್ರಕ್ಕೆ ಬಣ್ಣ ಬೆರೆಸಿದರೆ ಕಲೆ ಎನ್ನಬೇಕೇ?" ಎಂದೆ. ಚಪ್ಪಾಳೆ ಬಿತ್ತು. ಹುಡುಗ ಮೂರನೆಯ ಸಾಲಿನಲ್ಲಿ ಕುಳಿತಿದ್ದ. ಎಲ್ಲರೊಡನೆ ಅವನೂ ಚಪ್ಪಾಳೆ ತಟ್ಟಿದ್ದನ್ನು ಕಂಡೆ.

ಈ ಪ್ರಸಂಗವನ್ನು ನಾನು ಮರೆತೇಬಿಡುತ್ತಿದ್ದೆ. ಮರೆಯಗೊಡದಿದ್ದವಳು ನನ್ನ ಅವ್ವ.

ನಮ್ಮೂರು ಯಲವಿಗಿ. ಹುಬ್ಬಳ್ಳಿಯಿಂದ ಹಾವೇರಿಗೆ ರೈಲಿನಲ್ಲಿ ಹೋಗುವವರು ನಿಲ್ದಾಣದ ಹಲಗೆಯ ಮೇಲೆ ಅದರ ಹೆಸರನ್ನು ಓದಿರಬಹುದು. ಸವಣೂರು ತಾಲ್ಲೂಕಿನ ಕರಿಮಣ್ಣಿನ ಸೀಮೆ. ಮನೆಯ ಹಿತ್ತಿಲ ಬೇಲಿಯ ಮೇಲೆ ಶಂಖಪುಷ್ಪದ ಬಳ್ಳಿಯೊಂದಿದೆ, ಅಪ್ಪ ಹಚ್ಚಿದ್ದು. ಅಪ್ಪ ಹೋದ ಮೇಲೂ ಅವ್ವನ ಪೂಜೆಗೆ ದಿನಕ್ಕೆ ಹತ್ತು ಹೂವನ್ನು ತಪ್ಪದೆ ಕೊಡುತ್ತ ಬಂದಿದೆ. ನಾಲ್ಕೈದು ವರ್ಷಗಳಿಂದ ಅವ್ವ ಆ ಬಳ್ಳಿಯನ್ನು ದೂರತೊಡಗಿದ್ದಳು: "ಬಳ್ಳಿ ಮುದಿ ಆತು, ಹೂವಿನ್ಯಾಗ ಮೊದಲಿನ ಬಣ್ಣ ಇಲ್ಲ." ಗೊಬ್ಬರ ಹಾಕಿಸಿದೆವು, ಪಾತಿ ಬಿಡಿಸಿದೆವು, ಅವ್ವನ ದೂರು ತಪ್ಪಲಿಲ್ಲ. ಆಮೇಲೆ ಡಾಕ್ಟರರು ನೋಡಿ ಎರಡೂ ಕಣ್ಣುಗಳಲ್ಲಿ ಪೊರೆ ಬಂದಿದೆ ಎಂದರು. ಆ ವರ್ಷದ ದೀಪಾವಳಿಯ ಮುಂಚೆ ಎಡಗಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಕಟ್ಟು ಬಿಚ್ಚಿದ ಕೆಲವು ದಿನಗಳಲ್ಲೇ ಅವ್ವ ಬೇಲಿಯ ಬಳಿ ನಿಂತು, "ಬಳ್ಳಿಗೆ ಮತ್ತ ಹರೇ ಬಂತು!" ಎಂದಳು.

ಆ ಸಂತೋಷವನ್ನು ಹಿಡಿದಿಡಬೇಕೆಂದು ನಾನು ಫೋನು ತೆಗೆದು ಹೂವಿನ ಚಿತ್ರ ಹಿಡಿದು ಅವ್ವನ ಕೈಗೆ ಕೊಟ್ಟೆ.

"ಇದ್ಯಾವ ಹೂವೋ ತಮ್ಮಾ? ನಮ್ಮ ಬೇಲಿದಲ್ಲ ಇದು."

"ನಮ್ಮ ಬೇಲಿದೇ ಅವ್ವಾ, ಈಗ ತಗದೀನಿ."

"ಫೋಟೋ ನಿಂದು, ಹೂ ನಂದು. ನನಗ ಗೊತ್ತಿಲ್ಲೇನು?"

ನೋಡಿದೆ. ಅವ್ವ ಹೇಳಿದ್ದು ನಿಜ. ಬೇಲಿಯ ಮೇಲಿದ್ದದ್ದು ನೀಲಿ; ಫೋನಿನಲ್ಲಿದ್ದದ್ದು ಬಾಡಿದ ಬದನೆಕಾಯಿಯ ನೇರಳೆ. ನಾನು ಅದನ್ನು ಮುಟ್ಟಿರಲಿಲ್ಲ, ತಿದ್ದಿರಲಿಲ್ಲ, "ಹೇಗೆ ಬಂತೋ ಹಾಗೇ" ಇತ್ತು. ಜೇಬಿಗೆ ಕೈಹಾಕಿ ನಿಂತಿದ್ದ ಆ ಹುಡುಗ ಆಗ ನನ್ನ ಕಣ್ಣಮುಂದೆ ಬಂದ.

ರಜೆಯ ನಾಲ್ಕು ದಿನವನ್ನೂ ನಾನು ಈ ಹೂವಿಗೇ ಕಳೆದೆ. ಹೆಂಡತಿ, "ಇವರಿಗೆ ಯಾವ ಪುಸ್ತಕವೂ ಸಿಕ್ಕಿಲ್ಲ" ಎಂದಳು. ಬೆಳಿಗ್ಗೆ ತೆಗೆದೆ, ಮಟಮಟ ಮಧ್ಯಾಹ್ನ ತೆಗೆದೆ, ಪಡಸಾಲೆಯ ನೆರಳಿನಲ್ಲಿ ತೆಗೆದೆ, ದೇವರ ಮುಂದಿನ ದೀಪದಲ್ಲಿ ತೆಗೆದೆ. ಒಂದೇ ಹೂವು, ನಾಲ್ಕು ಬಣ್ಣ. ಬೆಳಕಿಗೇ ಬಣ್ಣವಿದೆ ಎಂಬುದನ್ನು ಪಠ್ಯಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಇದನ್ನು ಕೆಲ್ವಿನ್ ಎಂಬ ಮಾನದಿಂದ ಅಳೆಯುತ್ತಾರೆ. ದೀಪದ ಕುಡಿಯ ಬೆಳಕು ಸುಮಾರು 1,900. ಹಳೆಯ ತಂತಿಯ ಬಲ್ಬು 2,700ರ ಆಸುಪಾಸು. ನಡುಹಗಲಿನ ಬಿಸಿಲು 5,500. ನೀಲಿ ಆಕಾಶದಡಿಯ ನೆರಳು 7,000ಕ್ಕೂ ಮೇಲೆ. ಸಂಖ್ಯೆ ಏರಿದಷ್ಟೂ ಬೆಳಕು ನೀಲಿಯ ಕಡೆಗೆ ವಾಲುತ್ತದೆ. ನಮ್ಮ ಕಣ್ಣೂ ಅದರ ಹಿಂದಿರುವ ಮಿದುಳೂ ಈ ವ್ಯತ್ಯಾಸವನ್ನು ಬಹುಮಟ್ಟಿಗೆ ತಾವೇ ಕಳೆದುಬಿಡುತ್ತವೆ. ಬಿಳಿಯ ಧೋತರ ದೀಪದಲ್ಲಿಯೂ ನಮಗೆ ಬಿಳಿಯೇ. ಕ್ಯಾಮರಾಕ್ಕೆ ಆ ಬಳಕೆಯಿಲ್ಲ. ಅದು ಊಹೆ ಮಾಡಬೇಕು. ಅದರ ಊಹೆಗೇ ವೈಟ್ ಬ್ಯಾಲೆನ್ಸ್ ಎಂದು ಹೆಸರು. ಚಿತ್ರದ ತುಂಬ ಹಸಿರೆಲೆಯೇ ಇದ್ದರೆ ಊಹೆ ತಪ್ಪುತ್ತದೆ. ಅನುಭವಿಗಳು ಇದಕ್ಕೆಂದೇ ಹೂವಿನ ಪಕ್ಕದಲ್ಲಿ ಬೂದುಬಣ್ಣದ ಕಾಗದವೊಂದನ್ನು ಹಿಡಿದು ಮೊದಲು ಒಂದು ಚಿತ್ರ ತೆಗೆದುಕೊಳ್ಳುತ್ತಾರೆ. ಬೀಳುವ ಬೆಳಕಿನಲ್ಲಿ ಪ್ರತಿಶತ 18ರಷ್ಟನ್ನು ಮರಳಿಸುವ, ಯಾವ ಬಣ್ಣದ ಪಕ್ಷಪಾತವೂ ಇಲ್ಲದ ಕಾಗದ ಅದು. ಅದು ಬೂದಿಯಾಗಿ ಕಾಣುವಂತೆ ತಿದ್ದಿದರೆ ಉಳಿದ ಬಣ್ಣಗಳು ತಮ್ಮ ತಮ್ಮ ಸ್ಥಾನಕ್ಕೆ ಬರಬೇಕು.

ಬಂದವು, ಒಂದನ್ನು ಬಿಟ್ಟು. ಎಲೆ ಎಲೆಯಾಯಿತು, ಬೇಲಿಯ ಕಟ್ಟಿಗೆ ಕಟ್ಟಿಗೆಯಾಯಿತು, ಶಂಖಪುಷ್ಪ ಮಾತ್ರ ನೇರಳೆಯಾಗಿಯೇ ಉಳಿಯಿತು.

ಇದು ನನ್ನೊಬ್ಬನ ಕಷ್ಟವಲ್ಲ, ಫಿಲ್ಮಿನ ಕಾಲದಿಂದಲೂ ಇರುವಂಥದು ಎಂದು ಆಮೇಲೆ ಓದಿ ತಿಳಿದೆ. ಕೆಲವು ನೀಲಿ ಹೂಗಳು ಫಿಲ್ಮಿನಲ್ಲಿ ಗುಲಾಬಿಯ ಕಡೆಗೆ ತಿರುಗುತ್ತವೆಂದು ಕೊಡಕ್ ಕಂಪನಿಯವರೇ ಛಾಯಾಗ್ರಾಹಕರಿಗೆ ಹೇಳಿದ್ದರು. ಅಜರೇಟಮ್ ಎಂಬ ತೋಟದ ಹೂವು ಇದಕ್ಕೆ ಹೆಸರುವಾಸಿ. ಕಾರಣ ಸ್ವಾರಸ್ಯವಾಗಿದೆ. ಈ ಹೂಗಳ ಎಸಳು ನೀಲಿಯ ಜೊತೆಗೆ ಕೆಂಪಿನ ಕಟ್ಟಕಡೆಯ ಅಂಚಿನ ಬೆಳಕನ್ನೂ ಧಾರಾಳವಾಗಿ ಮರಳಿಸುತ್ತದೆ. ನಮ್ಮ ಕಣ್ಣಿಗೆ ಆ ಅಂಚು ತಟ್ಟುವುದೇ ಇಲ್ಲವೆನ್ನಬೇಕು. ಫಿಲ್ಮಿಗೆ ತಟ್ಟುತ್ತಿತ್ತು. ಇಂದಿನ ಕ್ಯಾಮರಾಗಳಲ್ಲಿ ಅದನ್ನು ತಡೆಯುವ ಗಾಜಿನ ಪದರವನ್ನು ಇಟ್ಟಿರುತ್ತಾರೆ. ಆದರೂ ಅವುಗಳ ಗ್ರಹಣಶಕ್ತಿ ಮನುಷ್ಯನ ಕಣ್ಣಿಗೆ ತದ್ರೂಪವಲ್ಲ. ಮೂರು ಬಣ್ಣಗಳನ್ನೂ ಒಂದೊಂದು ಬಿಂದುವಿನಲ್ಲಿ ಅದು ಅಳೆಯುವುದೂ ಇಲ್ಲ. ಕೊಡಕ್ಕಿನ ಬ್ರೈಸ್ ಬೇಯರ್ 1976ರಲ್ಲಿ ಹಕ್ಕು ಪಡೆದ ವಿಧಾನದಂತೆ ಅರ್ಧ ಬಿಂದುಗಳು ಹಸಿರನ್ನು, ಕಾಲುಭಾಗ ಕೆಂಪನ್ನು, ಕಾಲುಭಾಗ ನೀಲಿಯನ್ನು ಹಿಡಿಯುತ್ತವೆ. ಮಿಕ್ಕದ್ದನ್ನು ಯಂತ್ರ ನೆರೆಹೊರೆಯ ಬಿಂದುಗಳನ್ನು ನೋಡಿ ಲೆಕ್ಕಹಾಕಿ ತುಂಬುತ್ತದೆ. ನಾನು ವೇದಿಕೆಯ ಮೇಲೆ ನಿಂತು ಹೊಗಳಿದ "ಯಾರೂ ಮುಟ್ಟದ ಚಿತ್ರ"ದಲ್ಲಿ ಮೂರರಲ್ಲಿ ಎರಡು ಪಾಲು ಬಣ್ಣ ಯಂತ್ರದ ಊಹೆ. ಅದನ್ನು ಮುಟ್ಟಿದವರು ಯಾರೋ ದೂರದ ಎಂಜಿನಿಯರರು, ಅವರೆದುರಿಗೆ ಹೂವಿರಲಿಲ್ಲ.

ಮೊದಲ ಬಣ್ಣದ ಛಾಯಾಚಿತ್ರದ ಕಥೆ ಇನ್ನೂ ಸೊಗಸಾಗಿದೆ. 1861ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮ್ಯಾಕ್ಸ್‌ವೆಲ್ ಮಹಾಶಯನು ಒಂದು ಬಣ್ಣದ ಪಟ್ಟಿಯ ಚಿತ್ರವನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳನ್ನು ಒಂದರ ಮೇಲೊಂದು ಹಾಯಿಸಿ ತೋರಿಸಿದ. ಆ ಕಾಲದ ಗಾಜಿನ ಫಲಕಗಳಿಗಾದರೋ ಕೆಂಪು ಬೆಳಕು ತಟ್ಟುತ್ತಲೇ ಇರಲಿಲ್ಲ. ಹಾಗಾದರೆ ಕೆಂಪು ಹೇಗೆ ಬಂತು? ನೂರು ವರ್ಷಗಳ ಮೇಲೆ, 1961ರಲ್ಲಿ, ಕೊಡಕ್ಕಿನ ರಾಲ್ಫ್ ಇವಾನ್ಸನೂ ಅವನ ಸಂಗಡಿಗರೂ ಆ ಪ್ರಯೋಗವನ್ನು ಮತ್ತೆ ಮಾಡಿ ನೋಡಿ, ಪಟ್ಟಿಯ ಕೆಂಪು ಬಣ್ಣವು ನೇರಳಾತೀತ ಕಿರಣವನ್ನೂ ಮರಳಿಸುತ್ತಿದ್ದಿರಬೇಕು, ಕೆಂಪಿನ ಹೆಸರಿನಲ್ಲಿ ಫಲಕವು ಹಿಡಿದದ್ದು ಆ ಕಾಣದ ಕಿರಣವನ್ನು ಎಂದು ತೋರಿಸಿದರು. ಸರಿಯಾದ ಬಣ್ಣ ತಪ್ಪು ದಾರಿಯಿಂದ ಬಂದಿತ್ತು. ನನ್ನ ಹೂವಿನಲ್ಲಾದದ್ದು ಇದರ ತಿರುಗುಮುರುಗು.

ಹೂವಿನ ಬಣ್ಣವನ್ನೇ ಹಿಡಿದು ಕುಳಿತ ದೊಡ್ಡವರು ನಮ್ಮಲ್ಲಿಯೂ ಒಬ್ಬರಿದ್ದರು. ಸಿ. ವಿ. ರಾಮನ್ ಅವರು ತಮ್ಮ ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ತಮ್ಮ ಸಂಸ್ಥೆಯಲ್ಲಿ ಗುಲಾಬಿಯನ್ನೂ ಇತರ ಹೂಗಳನ್ನೂ ವರ್ಣದರ್ಶಕದ ಮೂಲಕ ನೋಡುತ್ತ, ಹೂವಿನ ಬಣ್ಣ ಮತ್ತು ಕಣ್ಣಿನ ಗ್ರಹಿಕೆಯ ಮೇಲೆ 1963ರಲ್ಲಿ ಲೇಖನ ಬರೆದರು. 1968ರಲ್ಲಿ ದೃಷ್ಟಿಯ ಬಗೆಗೆ ಒಂದು ಗ್ರಂಥವನ್ನೇ ಹೊರತಂದರು. ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸರ ಮೂರು ಬಣ್ಣಗಳ ಸಿದ್ಧಾಂತವನ್ನು ಅವರು ಒಪ್ಪಲಿಲ್ಲ. ವಿಜ್ಞಾನಲೋಕ ಅವರನ್ನು ಒಪ್ಪಲಿಲ್ಲ. ಆದರೆ ನೊಬೆಲ್ ಬಹುಮಾನ ಬಂದು ಮೂವತ್ತು ವರ್ಷಗಳಾದ ಮೇಲೆಯೂ ಬಣ್ಣದ ವಿಚಾರದಲ್ಲಿ ಹೂವನ್ನೇ ಕರೆದು ಕೇಳಬೇಕೆಂದು ಅವರಿಗೆ ತೋಚಿತಲ್ಲ! ಎದುರಿಗೆ ತಂದ ಹೂವನ್ನು ನೋಡಲೊಲ್ಲದ ನನ್ನಂಥವನಿಗೆ ಅಷ್ಟೇ ಸಾಕಾದ ಪಾಠ.

ಈಗ ನಿಜವಾದ ತೊಡಕಿಗೆ ಬರೋಣ. ಕ್ಯಾಮರಾ ಸುಳ್ಳು ಹೇಳಿತೇ? ಹೂವಿನಿಂದ ಆ ಕೆಂಪಂಚಿನ ಬೆಳಕು ಬಂದದ್ದು ದಿಟ. ಇದ್ದದ್ದನ್ನೇ ಅದು ಬರೆದುಕೊಂಡಿತು. ಹಾಗಿದ್ದ ಮೇಲೆ ನೇರಳೆ ಸುಳ್ಳು, ನೀಲಿ ನಿಜ ಎನ್ನುವ ಅಧಿಕಾರ ನಮಗೆ ಎಲ್ಲಿಂದ ಬಂತು?

ನಮ್ಮ ದರ್ಶನಕಾರರು ಭ್ರಮೆಯನ್ನು ಚರ್ಚಿಸುವಾಗ ಎತ್ತಿಕೊಳ್ಳುವ ನಿದರ್ಶನಗಳಲ್ಲಿ ಹಗ್ಗದ ಹಾವನ್ನು ಎಲ್ಲರೂ ಬಲ್ಲರು. ಬಣ್ಣಕ್ಕೆ ಸಂಬಂಧಿಸಿದವು ಇನ್ನೆರಡಿವೆ. ಒಂದು ಪೀತಶಂಖ: ಕಾಮಾಲೆಯಾದವನಿಗೆ ಬಿಳಿಯ ಶಂಖ ಹಳದಿಯಾಗಿ ಕಾಣುವುದು. ಇನ್ನೊಂದು ಸ್ಫಟಿಕ ಮತ್ತು ಜಪಾಕುಸುಮ: ದಾಸವಾಳದ ಹೂವಿನ ಬಳಿಯಿಟ್ಟ ಸ್ಫಟಿಕ ತಾನೂ ಕೆಂಪಾಗಿ ತೋರುವುದು. ಎರಡನೆಯದನ್ನು ಹೂವಿನ ಚಿತ್ರ ತೆಗೆಯುವವರು ದಿನವೂ ಕಾಣುತ್ತಾರೆ. ಹಸಿರು ಸೀರೆಯವಳ ಕೈಯಲ್ಲಿ ಮಲ್ಲಿಗೆ ಹಸಿರಾಡುತ್ತದೆ. ಇವನ್ನೆಲ್ಲ ದೋಷವೆಂದು ತಳ್ಳಿಹಾಕುವುದು ಸುಲಭ. ಶ್ರೀಭಾಷ್ಯದಲ್ಲಿ ರಾಮಾನುಜರು ಹಾಗೆ ತಳ್ಳುವುದಿಲ್ಲ. ಕಾಣುವುದೆಲ್ಲವೂ ಇದ್ದದ್ದರ ಕಾಣ್ಕೆಯೇ. ಕಾಮಾಲೆಯವನ ಕಣ್ಣಿನ ಪಿತ್ತದ ಹಳದಿಯೇ ಹೊರಟು ಶಂಖವನ್ನು ಮುಚ್ಚಿ, ಅದರ ಬಿಳುಪನ್ನು ಮರೆಸುತ್ತದೆ. ಹಳದಿಯೇನೂ ಇಲ್ಲದ್ದಲ್ಲ ಎನ್ನುತ್ತಾರೆ. ಮೊದಲ ಸಲ ಎಂ.ಎ. ತರಗತಿಯಲ್ಲಿ ಇದನ್ನು ಕೇಳಿದಾಗ ವಾದಕ್ಕಾಗಿ ಮಾಡಿದ ವಾದವೆನಿಸಿತ್ತು. ಯಲವಿಗಿಯ ಬೇಲಿಯ ಬಳಿ ನಿಂತಾಗ ಹಾಗೆನಿಸಲಿಲ್ಲ. ಫೋನಿನ ನೇರಳೆಯೂ ಇಲ್ಲದ್ದಲ್ಲ. ನಮ್ಮ ನೀಲಿಯನ್ನು ಮರೆಸಿದ್ದು, ಅಷ್ಟೆ.

ಅವ್ವನ ಕಣ್ಣುಗಳೂ ಅದನ್ನೇ ಹೇಳಿದವು. ಎಡಗಣ್ಣಿಗೆ ಹೊಸ ಮಸೂರ, ಬಲಗಣ್ಣಿನಲ್ಲಿ ಇನ್ನೂ ಪೊರೆ. ಒಂದೊಂದನ್ನೇ ಮುಚ್ಚಿ ನೋಡು ಎಂದೆ. ಎಡಗಣ್ಣಿನಲ್ಲಿ, "ಲಖಲಖ ನೀಲಿ." ಬಲಗಣ್ಣಿನಲ್ಲಿ, "ರಾಡಿ ನೀರಿನ್ಯಾಗ ಅದ್ದಿ ತಗದಂಗ." ಪೊರೆ ಬಂದ ಮಸೂರ ಹಳದಿಗಟ್ಟಿ ನೀಲಿಯನ್ನು ಒಳಗೆ ಬಿಡುವುದಿಲ್ಲ. ಮೋನೆ ಎಂಬ ಫ್ರಾನ್ಸಿನ ಚಿತ್ರಕಾರನಿಗೂ ಹೀಗೇ ಆಗಿತ್ತು. 1923ರಲ್ಲಿ ಅವನ ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಅವ್ವ ನಾಲ್ಕೈದು ವರ್ಷ ಬಳ್ಳಿಯನ್ನು ದೂರಿದ್ದು ಸುಳ್ಳಾಡಿದಂತಾಯಿತೇ? ಇಲ್ಲ. ಕಂಡದ್ದನ್ನೇ ಹೇಳಿದಳು. ಆದರೆ ದೂರು ಬಳ್ಳಿಯ ಮೇಲೆ ಬಿತ್ತು. ನಾನೂ ಹುಡುಗನ ವಿಷಯದಲ್ಲಿ ಅದನ್ನೇ ಮಾಡಿದ್ದೆ. ಅವ್ವನಿಗಾದರೂ ಪೊರೆಯ ನೆವವಿತ್ತು.

ಜೇನುನೊಣದ ಮಾತನ್ನು ಇಲ್ಲಿ ಯಾರಾದರೂ ಎತ್ತಬಹುದು. ಅದಕ್ಕೆ ನೇರಳಾತೀತವೂ ಕಾಣುತ್ತದೆ, ಹೂವು ಬಣ್ಣ ತಳೆದದ್ದೇ ಅದಕ್ಕಾಗಿ, ನಮ್ಮ ನೀಲಿಗೇನು ಹೆಚ್ಚುಗಾರಿಕೆ ಎಂದು. ಒಪ್ಪುತ್ತೇನೆ. ಆದರೆ ಚಿತ್ರವನ್ನು ನೋಡುವವರು ಜೇನುನೊಣಗಳಲ್ಲ. ಮನುಷ್ಯನೊಬ್ಬ ಇನ್ನೊಬ್ಬ ಮನುಷ್ಯನಿಗೆ, "ನಾನು ಅಲ್ಲಿ ನಿಂತಾಗ ಹೀಗೆ ಕಂಡಿತು, ನೀನು ನಿಂತಿದ್ದರೂ ಹೀಗೇ ಕಾಣುತ್ತಿತ್ತು" ಎಂದು ಹೇಳುವ ಮಾತು ಅದು. ಮಾತಿನ ಸತ್ಯವನ್ನು ಆಡುವವನೂ ಕೇಳುವವನೂ ಇಬ್ಬರೂ ಹೋಗಿ ನೋಡಬಲ್ಲ ಜಾಗದಲ್ಲಿ ಪರೀಕ್ಷಿಸಬೇಕು. ಯಂತ್ರ ಮುಟ್ಟಿತೋ ಕೈ ಮುಟ್ಟಿತೋ ಎಂಬುದು ಆಮೇಲಿನ ಮಾತು.

ಆ ಲೆಕ್ಕದಲ್ಲಿ ನನ್ನ ಮೆಣಸಿನಕಾಯಿಯ ಉಪಮೆಯೂ ನಿಲ್ಲುವುದಿಲ್ಲ. ಬ್ಯಾಡಗಿಯ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಅಮೆರಿಕದ ಸಂಬಾರ ವ್ಯಾಪಾರಿಗಳ ಸಂಘ ಗೊತ್ತುಮಾಡಿದ ಮಾನದಿಂದ ಅದನ್ನು ಅಳೆಯುತ್ತಾರೆ. 2005ರಲ್ಲಿ ಬ್ರಿಟನ್ನಿನಲ್ಲಿ ಸುಡಾನ್ ಎಂಬ ಕೃತಕ ಕೆಂಪು ಬೆರೆತ ಮೆಣಸಿನ ಪುಡಿಯಿಂದಾಗಿ ನೂರಾರು ತಿನಿಸುಗಳನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆಯಬೇಕಾಯಿತು. ಅಲ್ಲಿ ತಪ್ಪು ಬಣ್ಣ ಸೇರಿಸಿದ್ದೇ? ಪುಡಿಯಲ್ಲಿಲ್ಲದ ಗುಣವನ್ನು ಇದೆಯೆಂದು ತೋರಿಸಿ, ಆರೋಗ್ಯಕ್ಕೆ ಕೇಡಾದುದನ್ನು ತಿನ್ನಿಸಿದ್ದು ತಪ್ಪು. ಹುಡುಗ ಮಾಡಿದ್ದು ಹೂವಿನಲ್ಲಿದ್ದು ಚಿತ್ರದಲ್ಲಿ ಕಳೆದುಹೋದದ್ದನ್ನು ಮರಳಿ ತಂದದ್ದು. ಕಲಬೆರಕೆ ಮಾಡುವವನು ಕೊಳ್ಳುವವನ ಆಸೆಯನ್ನು ನೋಡುತ್ತ ಬಣ್ಣ ಹಾಕುತ್ತಾನೆ. ಇವನು ಹೂವನ್ನು ನೋಡುತ್ತ ಹಾಕಿದ.

ಹಾಗೆಂದು ತಿದ್ದಿದ್ದೆಲ್ಲ ಸರಿಯೆನ್ನಲಾರೆ. ನಾನೇ ಒಂದು ರಾತ್ರಿ ನೆನಪಿನಿಂದ ತಿದ್ದಿ ನೋಡಿದೆ. ಬೆಳಿಗ್ಗೆ ಹೂವಿನ ಪಕ್ಕದಲ್ಲಿಟ್ಟರೆ ನನ್ನ ನೀಲಿ ನಾಚಿಕೆಯಾಗುವಷ್ಟು ಗಾಢವಾಗಿತ್ತು. ನೆನಪು ಬಣ್ಣವನ್ನು ಏರಿಸಿಯೇ ಇಡುತ್ತದಂತೆ. ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಫೋನಿನ ಪರದೆ ಬೇರೆ ರಾತ್ರಿ ತಾನಾಗಿಯೇ ಹಳದಿಗೆ ತಿರುಗುವಂತೆ ಮಾಡಿಟ್ಟಿದ್ದರು. ಕೆಂಪು ದಾಸವಾಳದ್ದು ಇನ್ನೊಂದು ರಗಳೆ: ಕೆಂಪನ್ನು ಹಿಡಿಯುವ ಬಿಂದುಗಳು ಬೇಗ ತುಂಬಿ ತುಳುಕಿ, ಎಸಳಿನ ನರಗಳೆಲ್ಲ ಅಳಿಸಿಹೋಗಿ, ಹೂವು ಕುಂಕುಮದ ಉಂಡೆಯಾಗುತ್ತದೆ. ತೆಗೆಯುವಾಗಲೇ ಬೆಳಕನ್ನು ತಗ್ಗಿಸದಿದ್ದರೆ ಆಮೇಲೆ ಎಷ್ಟು ತಿದ್ದಿದರೂ ನರ ಮರಳಿ ಬಾರದು. ಕಡೆಗೆ ಹೂವನ್ನು ಕಿತ್ತು ತಂದು, ಹಗಲಿನ ಬೆಳಕಿನಲ್ಲಿ ಕಿಟಕಿಯ ಬಳಿ ಪರದೆಯ ಪಕ್ಕಕ್ಕೆ ಹಿಡಿದು, ನೀಲಿಯೊಂದನ್ನೇ ಕೂದಲೆಳೆಯಷ್ಟು ಆಚೀಚೆ ಸರಿಸಿದಾಗ ಅವ್ವ, "ಹಾಂ, ಈಗ ಬಂತು" ಎಂದಳು. ಒಂದು ತಾಸು ಹಿಡಿದಿತ್ತು. ಅಷ್ಟರಲ್ಲಿ ಕಿತ್ತ ಹೂವು ಮುದುಡತೊಡಗಿತ್ತು.

ಅವ್ವ ಅಂದು ತನ್ನ ಮದುವೆಯ ಪಟವನ್ನು ಗೋಡೆಯಿಂದ ಇಳಿಸಿ ತೋರಿಸಿದಳು. ಕಪ್ಪು-ಬಿಳುಪಿನ ಚಿತ್ರಕ್ಕೆ ಕುಂಚದಿಂದ ಬಣ್ಣ ಹಚ್ಚಿದ್ದು. ಅವ್ವನ ಸೀರೆ ಅದರಲ್ಲಿ ನೀಲಿಯಾಗಿದೆ. "ಹಸರ ಸೀರಿ ಅದು. ಬಣ್ಣಾ ಹಚ್ಚಿದ ಪುಣ್ಯಾತ್ಮ ಸೀರಿ ನೋಡಿರಲಿಲ್ಲ. ಕೇಳಿದ್ರ ನಾ ಹೇಳತಿದ್ದೆ." ಇಷ್ಟು ವರ್ಷ ಆ ಪಟವನ್ನು ನೋಡುತ್ತ ಬೆಳೆದ ನಾನು ಅವ್ವನ ಧಾರೆಯ ಸೀರೆ ನೀಲಿಯೆಂದೇ ನಂಬಿದ್ದೆ.

ಊರಿನಿಂದ ಮರಳಿದ ಮೇಲೆ ಹುಡುಗನನ್ನು ಹುಡುಕಿದೆ. ಅವನ ಪದವಿ ಮುಗಿದಿತ್ತು. ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆಯ ಆಲ್ಬಮ್ಮುಗಳನ್ನು ಸಿದ್ಧಮಾಡುವ ಕೆಲಸದಲ್ಲಿದ್ದ. ಹೋಗಿ, ಅಂದಿನದು ನನ್ನ ತಪ್ಪು ತೀರ್ಪು ಎಂದು ಹೇಳಿದೆ. ಅವನಿಗೆ ಸಂಕೋಚವಾಯಿತು, ಸ್ಟೂಲು ಒರೆಸಿ ಕೂರಿಸಿ ಚಹಾ ತರಿಸಿದ. "ಇರ್ಲಿ ಬಿಡ್ರೀ ಸರ. ಹೂ ಅವತ್ತ ಜೇಬಿನ್ಯಾಗ ಬಾಡಿತ್ರಿ. ತಗದು ತೋರಿಸಿದ್ರೂ ನೀವು ನಂಬತಿದ್ದಿಲ್ರಿ" ಎಂದ.

ಅವನ ಮುಂದಿನ ಪರದೆಯ ಮೇಲೆ ಒಬ್ಬ ಮದುಮಗಳಿದ್ದಳು. ಎಣ್ಣೆಗೆಂಪಿನ ಚೆಲುವಾದ ಮುಖ. ಅವನು ಮಾತಾಡುತ್ತಲೇ ಒಂದು ಪಟ್ಟಿಯನ್ನು ಸರಿಸಿದ, ಮುಖ ಬೆಳ್ಳಗಾಯಿತು. ಇನ್ನಷ್ಟು ಸರಿಸಿದ. ನಾನು ಸುಮ್ಮನೆ ನೋಡುತ್ತಿದ್ದೆ.

"ಇಲ್ಲಿ ಹೂವಿನ ಬಣ್ಣ ಯಾರೂ ಕೇಳಂಗಿಲ್ರಿ ಸರ, ಮದುಮಗಳ ಬಣ್ಣ ಕೇಳತಾರ್ರಿ. ಬೆಳ್ಳಗ ಮಾಡಲಿಲ್ಲಂದ್ರ ಆಲ್ಬಮ್ ತಿರುಗಿ ಬರತೈತ್ರಿ. ಮಾಲಕರು ನನ್ನ ಪಗಾರದಾಗ ಹಿಡೀತಾರ್ರಿ."

ಫಿಲ್ಮಿನ ಕಾಲದಲ್ಲಿ ಬಣ್ಣ ಸರಿಯಾಗಿದೆಯೇ ಎಂದು ನೋಡಲು ಪ್ರಯೋಗಾಲಯಗಳಿಗೆ ಕೊಡಕ್ಕಿನವರು ಕಳಿಸುತ್ತಿದ್ದ ಮಾದರಿ ಚಿತ್ರದಲ್ಲಿ ಬಿಳಿಯ ಹೆಂಗಸೊಬ್ಬಳ ಮುಖವಿರುತ್ತಿತ್ತೆಂದೂ ಕಪ್ಪು ಮೈಬಣ್ಣ ಅದಕ್ಕೆ ಬಲಿಯಾಗುತ್ತಿತ್ತೆಂದೂ ನಾನು ಓದಿದ್ದೆ. ಅದನ್ನು ಹೇಳಬೇಕೆನಿಸಿತು. ಅವನ ಪಗಾರದ ಮುಂದೆ ಅದು ಹೇಳುವ ಮಾತಾಗಿ ತೋರಲಿಲ್ಲ. "ಆ ಹುಡುಗಿಯನ್ನು ಕೇಳಿದ್ದೀರೇನು?" ಎಂದಷ್ಟೇ ಕೇಳಿದೆ.

"ಆಕೀ ಎಲ್ಲೆ ಬರತಾಳ್ರಿ? ಅವರ ಅಣ್ಣ ಬಂದು ಹೇಳಿ ಹೋಗ್ಯಾನ್ರಿ."

ಮುಖದ ಜೊತೆಗೆ ಅವಳ ಮುಡಿಯ ಅಬ್ಬಲಿಗೆಯೂ ಬಿಳಿಚಿಕೊಂಡಿತ್ತು. ಅವನು ಅದನ್ನು ದೊಡ್ಡದು ಮಾಡಿ, ದಂಡೆಯ ಅಂಚಿನ ಸುತ್ತ ಎಸಳೆಸಳಾಗಿ ಗೆರೆ ಎಳೆಯತೊಡಗಿದ. ಏನು ಮಾಡುತ್ತಿದ್ದೀಯೆಂದು ಕೇಳಿದೆ.

"ಹೂವಿಂದು ಬ್ಯಾರೆ ತಗೀತೀನ್ರಿ. ಅದನ್ನ ಮಾತ್ರ ನಾ ಕೆಡಸಂಗಿಲ್ರಿ" ಎಂದು, ಆ ಮೊದಲಿನ ಕೇಸರಿ ಮರಳಿ ಬರುವವರೆಗೂ ಅವನು ನನ್ನ ಕಡೆ ತಿರುಗಲಿಲ್ಲ. ಚಹಾ ಆರಿತ್ತು.